ಎರಡು ಪೆಟ್ಟಿಗೆ, ಒಂದು ಗಡಿಯಾರ



ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮೋಹಗೊಂಡ ಬಾಲಕ ಭೀಮಸೇನ ಜೋಶಿ, ಗುರುವನ್ನರಸಿ 1933ರಲ್ಲಿ ಗದುಗಿನ ಮನೆ ಬಿಟ್ಟು ಹೊರಟ ಕಥೆ ನಿಮಗೆ ಗೊತ್ತಿರಬಹುದು. ಅಂಥ ತಟ್ಟೆಗಳಲ್ಲಿ ಗಾಯನವೂ ವಾದ್ಯಗಳೂ ಒಂದೇ ಗೆರೆಯಲ್ಲಿ ಸೇರಿಹೋಗಿರುತ್ತಿದ್ದವು. ತಬಲಾ ಜೋರಾಯಿತೆಂದು ಆಮೇಲೆ ತಗ್ಗಿಸುವಂತಿರಲಿಲ್ಲ. ಪ್ರತಿಯೊಂದು ಧ್ವನಿಯನ್ನೂ ಬೇರೆ ಬೇರೆ ಪಥದಲ್ಲಿ ಹಿಡಿದಿಟ್ಟು ಅನಂತರ ಹದವಾಗಿ ಬೆರೆಸುವುದೇ ಬಹುಪಥ ಧ್ವನಿಮುದ್ರಣ. ಒಂದು ಕಾಲಕ್ಕೆ ದೊಡ್ಡ ಸ್ಟುಡಿಯೋಗಳ ಸೊತ್ತಾಗಿದ್ದ ಈ ವಿದ್ಯೆ ಈಗ ಮನೆಯ ಕಂಪ್ಯೂಟರಿಗೂ ಬಂದಿದೆ.

ಗದಗ ಸೀಮೆಯ ಅಂತೂರ ಬೆಂತೂರದಲ್ಲಿ ಒಂದು ಭಜನಾ ಮೇಳವನ್ನು ಮುದ್ರಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಹಾಡುವವರಿಗೊಂದು, ಪೇಟಿಗೊಂದು, ತಬಲಾಕ್ಕೊಂದು, ತಾಳಕ್ಕೊಂದು, ಹೀಗೆ ನಾಲ್ಕು ಮೈಕುಗಳು. ಮೈಕಿನ ಸಂಕೇತವನ್ನು ಅಂಕಿಗಳಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಒಪ್ಪಿಸುವ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎಂದು ಹೆಸರು. ಅಗ್ಗದ ಪೆಟ್ಟಿಗೆಗೆ ಸಾಮಾನ್ಯವಾಗಿ ಒಂದೋ ಎರಡೋ ಮೈಕು ಮಾತ್ರ ಹಿಡಿಸುತ್ತವೆ. ಗೆಳೆಯನ ಹತ್ತಿರ ಇನ್ನೊಂದು ಪೆಟ್ಟಿಗೆ ಇದೆ. ಎರಡನ್ನೂ ಜೋಡಿಸಿದರೆ ಆಯಿತಲ್ಲ?

ತೊಡಕು ಇರುವುದು ತಂತಿಯಲ್ಲಲ್ಲ, ಗಡಿಯಾರದಲ್ಲಿ. ಪೆಟ್ಟಿಗೆಯು ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಆ ಎಣಿಕೆಯನ್ನು ನಡೆಸುವುದು ಅದರೊಳಗಿನ ಸ್ಫಟಿಕದ ಹರಳು. ಎರಡು ಹರಳುಗಳು ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಮಿಡಿಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದೆ ಎನ್ನೋಣ. ಹತ್ತು ನಿಮಿಷದ ಭಜನೆ ಮುಗಿಯುವ ಹೊತ್ತಿಗೆ ಎರಡು ಪೆಟ್ಟಿಗೆಗಳ ನಡುವೆ 30 ಮಿಲಿಸೆಕೆಂಡು ಅಂತರ ಬೀಳುತ್ತದೆ. ಅಷ್ಟರಲ್ಲಿ ಶಬ್ದ ಸುಮಾರು ಹತ್ತು ಮೀಟರು ಸಾಗುತ್ತದೆ. ತಾಳದವನು ಗುಡಿಯೊಳಗಿಂದ ಮೆಲ್ಲಗೆ ಸರಿಯುತ್ತ ಹೋಗಿ ಅಂಗಳದಲ್ಲಿ ಕುಳಿತಂತೆ!

ತಾಳ ತಪ್ಪಿದ್ದು ಕಿವಿಗೆ ಬೀಳುವ ಮುಂಚೆಯೇ ಇನ್ನೊಂದು ಕೆಡುಕು ತಲೆದೋರುತ್ತದೆ. ಗಾಯಕನ ಧ್ವನಿ ಪೇಟಿಯ ಮೈಕಿನೊಳಕ್ಕೂ ನುಸುಳಿರುತ್ತದೆ. ಒಂದೇ ಧ್ವನಿಯ ಎರಡು ಪ್ರತಿಗಳು ಒಂದು ಮಿಲಿಸೆಕೆಂಡು ಹಿಂದುಮುಂದಾದರೂ ಸಾಕು, 500 ಹರ್ಟ್ಜ್ ಸುತ್ತಿನ ಸ್ವರಾಂಶಗಳು ಪರಸ್ಪರ ಅಳಿಸಿಕೊಂಡು ಕಂಠವು ಕೊಡದೊಳಗಿಂದ ಬಂದಂತೆ ಪೊಳ್ಳಾಗುತ್ತದೆ. ಹಾಡುಗಾರನ ಕಂಠ ಕೆಟ್ಟಿದೆಯೆಂದು ಕೇಳುಗರು ತಿಳಿದರೆ ಅದಕ್ಕಿಂತ ಅನ್ಯಾಯವುಂಟೆ?

ಈ ಸಮಸ್ಯೆ ಹೊಸದಲ್ಲ. 1967ರಲ್ಲಿ ಲಂಡನ್ನಿನಲ್ಲಿ ಬೀಟಲ್ಸ್ ತಂಡದ ಒಂದು ಹಾಡಿಗೆ ನಾಲ್ಕು ಪಥಗಳ ಟೇಪ್ ಯಂತ್ರ ಸಾಲದಾಯಿತು. ಎಂಜಿನಿಯರ್ ಕೆನ್ ಟೌನ್‌ಸೆಂಡ್ ಒಂದು ಟೇಪಿನಲ್ಲಿ 50 ಹರ್ಟ್ಜ್ ಸಂಕೇತವನ್ನು ಮುದ್ರಿಸಿ, ಅದರಿಂದಲೇ ಎರಡನೆಯ ಯಂತ್ರದ ಮೋಟಾರನ್ನು ನಡೆಸಿದರು. ಒಂದು ಯಜಮಾನ, ಇನ್ನೊಂದು ಹಿಂಬಾಲಕ.

ನಾವೂ ಹಾಗೆಯೇ ಮಾಡಬೇಕು. ಡಿಜಿಟಲ್ ಕಿಂಡಿಯಿರುವ ಪೆಟ್ಟಿಗೆಗಳಾದರೆ ಒಂದರ ಔಟ್‌ಪುಟ್ಟನ್ನು ಮತ್ತೊಂದರ ಇನ್‌ಪುಟ್ಟಿಗೆ ಜೋಡಿಸಿ, ಎರಡನೆಯದಕ್ಕೆ 'ಹೊರಗಿನ ಗಡಿಯಾರವನ್ನು ಅನುಸರಿಸು' ಎಂದು ಗೊತ್ತುಮಾಡಬೇಕು. ಆಪಲ್ ಕಂಪ್ಯೂಟರಿನಲ್ಲಿ ಆಡಿಯೋ ಮಿಡಿ ಸೆಟಪ್ ಎಂಬ ಸಲಕರಣೆಯಿಂದ ಎರಡನ್ನೂ ಒಂದೇ ಸಾಧನವಾಗಿ ಕೂಡಿಸಬಹುದು. ಒಂದನ್ನು ಗಡಿಯಾರವಾಗಿ ಆರಿಸಿ, ಇನ್ನೊಂದಕ್ಕೆ 'ಡ್ರಿಫ್ಟ್ ಕರೆಕ್ಷನ್' ಗುರುತು ಹಾಕುವುದನ್ನು ಮರೆಯಬಾರದು. ವಿಂಡೋಸ್‌ನಲ್ಲಿ ಎಸಿಯೋ ಚಾಲಕದ ಮೂಲಕ ಮುದ್ರಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಚಾಲಕವನ್ನು ಒಪ್ಪುತ್ತವೆ.

ಕೊಳ್ಳುವ ಶಕ್ತಿಯಿದ್ದರೆ ನಾಲ್ಕೋ ಎಂಟೋ ಮೈಕು ಹಿಡಿಸುವ ಒಂದೇ ಪೆಟ್ಟಿಗೆ ಲೇಸು. ಒಬ್ಬೊಬ್ಬರನ್ನೇ ಸರದಿಯಲ್ಲಿ ಮುದ್ರಿಸಬಹುದೆಂದು ಹೇಳುವವರಿದ್ದಾರೆ. ಭಜನೆಗೆ ಅದು ಒಗ್ಗದು. ಮುಖ ಮುಖ ನೋಡಿಕೊಂಡು ಹಾಡುವವರನ್ನು ಅಗಲಿಸಿದರೆ ಮೇಳವೆಲ್ಲಿ ಉಳಿಯಿತು?

ಯಾವುದೂ ಇಲ್ಲದಿದ್ದರೆ ಎರಡು ಕಂಪ್ಯೂಟರುಗಳಲ್ಲಿ ಬೇರೆ ಬೇರೆಯಾಗಿ ಮುದ್ರಿಸಿ. ಆರಂಭಕ್ಕೊಂದು, ಮುಕ್ತಾಯಕ್ಕೊಂದು ಚಪ್ಪಾಳೆ ಎಲ್ಲ ಮೈಕುಗಳಿಗೂ ಕೇಳುವಂತೆ ಹೊಡೆಯಿರಿ. ಮೊದಲ ಚಪ್ಪಾಳೆಗಳನ್ನು ಪರದೆಯ ಮೇಲೆ ಒಂದೇ ನೇರಕ್ಕೆ ತಂದು, ಕೊನೆಯವೂ ಕೂಡುವಷ್ಟು ಎರಡನೆಯ ಕಂಪ್ಯೂಟರಿನ ಪಥಗಳನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ. ಚಪ್ಪಾಳೆ ಹೊಡೆಯುವವನು ಎರಡು ಸಲವೂ ಒಂದೇ ಜಾಗದಲ್ಲಿ ನಿಂತಿರಲಿ.