ಗೋಡೆಗೂ ಒಂದು ಖಾತೆ ಪುಸ್ತಕ

(ರಜತ ಮಹೋತ್ಸವದ ಸಭೆಯಲ್ಲಿ ಕಟ್ಟಡ ಸಮಿತಿಯ ಪರವಾಗಿ ಮಾಡಿದ ಭಾಷಣ)



ಮಳೆಗಾಲ ಬಂತೆಂದರೆ ನಮ್ಮ ಗೋದಾಮು ಸೋರುತ್ತಿದ್ದುದು ತಮಗೆಲ್ಲ ತಿಳಿದದ್ದೇ. ಚೀಲದಲ್ಲಿದ್ದ ಯೂರಿಯಾ ತೇವ ಹಿಡಿದು ಗಟ್ಟಿಯಾಗುತ್ತಿತ್ತು. ಎರಡು ಸಲ ತಾರಸಿಗೆ ಹೊಸ ಗಾರೆ ಹಾಕಿಸಿದೆವು. ಸದಸ್ಯರ ಹಣ ಹೋಯಿತು, ಸೋರಿಕೆ ಹೋಗಲಿಲ್ಲ. ಮೂರನೇ ಸಲ ಮೇಸ್ತ್ರಿ ಗೋಡೆಯನ್ನೇ ಒಡೆಯೋಣ ಅಂದರು. ಎಲ್ಲಿ ಒಡೀಬೇಕು ಅಂತ ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಕಟ್ಟಿಸಿದಾಗಿನ ನಕ್ಷೆಯೂ ಕಚೇರಿಯಲ್ಲಿ ಸಿಗಲಿಲ್ಲ.

ನೀರಿನ ಗುಣವೇ ಹಾಗೆ. ಒಂದು ಕಡೆ ಒಳಹೊಕ್ಕು, ಕಾಂಕ್ರೀಟಿನ ಸಂದಿಯಲ್ಲಿ, ಪೈಪಿನ ಗುಂಟ ಹರಿದು, ಇನ್ನೆಲ್ಲೋ ಕಲೆಯಾಗಿ ಕಾಣುತ್ತದೆ. ಕಲೆ ಇರುವಲ್ಲೇ ಬಿರುಕು ಇರುತ್ತೆ ಅಂತ ನಂಬಿದ್ದು ನಮ್ಮ ತಪ್ಪು.

ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣಗಳನ್ನು ಕಟ್ಟುವಾಗ ಈಗ ‘ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲ್’ ಅಂತ ಮಾಡುತ್ತಾರೆ. ಚುಟುಕಾಗಿ ‘ಬಿಮ್’. ಕಂಪ್ಯೂಟರಿನೊಳಗೆ ಇಡೀ ಕಟ್ಟಡದ ಮಾದರಿ, ಬರೀ ಚಿತ್ರವಲ್ಲ. ಒಂದು ಪೈಪನ್ನು ಆರಿಸಿದರೆ ಅದರ ಅಳತೆ, ಯಾವುದರಿಂದ ಮಾಡಿದ್ದು, ಎಲ್ಲಿಂದ ಎಲ್ಲಿಗೆ ಹೋಗುತ್ತೆ ಎಲ್ಲವೂ ಸಿಗುತ್ತದೆ, ಬರೆದಿಟ್ಟಿದ್ದರೆ. ಒಂದು ತಂತ್ರಾಂಶದ ಮಾದರಿಯನ್ನು ಇನ್ನೊಂದು ಓದಲೆಂದು ಇರುವ ಐ.ಎಫ್.ಸಿ. ನಮೂನೆ 2013ರಲ್ಲಿ ಐ.ಎಸ್.ಒ. 16739 ಎಂಬ ಪೂರ್ಣ ಮಾನಕವಾಯಿತು. ಸೋರಿದಾಗ ಕಲೆಯ ಜಾಗ ಗುರುತಿಸಿ, ಅದರ ಮೇಲೆ, ಪಕ್ಕ, ಹಿಂದೆ ಏನಿದೆ ಅಂತ ನೋಡಿದರೆ ಅನುಮಾನದ ಜಾಗಗಳು ಕೆಲವೇ ಉಳಿಯುತ್ತವೆ.

ಇಂಜಿನಿಯರಿಂಗ್ ಓದುವ ನಮ್ಮೂರ ಹುಡುಗರು ಟೇಪು ಹಿಡಿದು ಅಳೆದು ಗೋದಾಮಿಗೂ ಅಂಥದೇ ಸಣ್ಣ ಮಾದರಿ ಮಾಡಿಕೊಟ್ಟರು. ತಾರಸಿಯಲ್ಲಿ ಮಳೆನೀರಿನ ಪೈಪಿನ ಬಾಯಿ, ಕೆಳಗೆ ಚರಂಡಿಯ ಬಳಿ ಅದರ ತುದಿ. ಎರಡನ್ನೂ ಗೆರೆ ಎಳೆದು ಸೇರಿಸಿದರೆ, ಪೈಪು ಗೋಡೆಯೊಳಗೆ ಕಲೆಯ ಪಕ್ಕದಲ್ಲೇ ಇಳಿದಿತ್ತು!

ಆದರೆ ಮಾದರಿ ಕೊಡುವುದು ಅನುಮಾನ, ಸಾಕ್ಷಿ ನೀರೇ ಹೇಳಬೇಕು. ಬಿಸಿಲು ಕಾಲದಲ್ಲಿ ಪೈಪಿನ ಬಾಯಿ ಮುಚ್ಚಿ ತಾರಸಿಯ ಮೇಲೆ ಎರಡು ದಿನ ನೀರು ನಿಲ್ಲಿಸಿದೆವು. ಗೋಡೆ ಒಣಗೇ ಇತ್ತು. ಬಾಯಿ ತೆಗೆದು ನೀರು ಬಿಟ್ಟ ಮೇಲೆ ಕಲೆ ಒದ್ದೆಯಾಯಿತು. ಆಮೇಲೆ ಒಡೆಸಿದ್ದು ಎರಡಡಿ ಗೋಡೆ ಅಷ್ಟೇ. ಒಳಗೆ ಪೈಪಿನ ಜಾಯಿಂಟು ಬಿಟ್ಟುಕೊಂಡಿತ್ತು. ತಾರಸಿಯದು ಏನೂ ತಪ್ಪಿರಲಿಲ್ಲ.

ಸಾಲದ ಪ್ರತಿ ರೂಪಾಯಿಗೂ ಖಾತೆ ಇಟ್ಟ ನಮ್ಮ ಸಂಘ 25 ವರ್ಷ ಗೋಡೆಗೆ ಖಾತೆ ಇಡಲಿಲ್ಲ. ಇನ್ನು ಮುಂದೆ ಯಾವ ಕಟ್ಟಡವೇ ಆಗಲಿ, ಗಾರೆ ಬಳಿಯುವ ಮುಂಚೆ ಪ್ರತಿ ಪೈಪಿನ ಫೋಟೋ, ಅಳತೆ ತೆಗೆದು ದಫ್ತರದಲ್ಲಿ ಇಡಬೇಕೆಂದು ಈ ಸಭೆಯನ್ನು ಕೇಳಿಕೊಳ್ಳುತ್ತೇವೆ.