ಎಂಟು ವರ್ಷ ನಿಂತಿದ್ದ ಜೀಪನ್ನ ಎಬ್ಬಿಸಿದ ಕಥೆ

ಈ ವಾರದ ಸಂಚಿಕೆ ಸ್ವಲ್ಪ ಡೀಸೆಲ್ ವಾಸನೆ ಹೊಡೆಯುತ್ತೆ, ಮೊದಲೇ ಹೇಳಿಬಿಡ್ತೀನಿ. ನಾನು ಓದಿದ್ದು ಬಿ.ಕಾಂ. ಹೋದ ತಿಂಗಳವರೆಗೆ ನನಗೆ ಇಂಜಿನ್ ಅಂದ್ರೆ ಬಾನೆಟ್ ಕೆಳಗಿರೋ ಏನೋ ಒಂದು, ಅಷ್ಟೇ. ಆದ್ದರಿಂದ ತಿಳಿದವರು ಕೇಳ್ತಿದ್ದರೆ ತಪ್ಪು ತಿದ್ದಿ, ಬಯ್ಯಬೇಡಿ.

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಮನೆಯಿಂದ ಟಾರು ರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣುದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಏರು. ಮಲೆನಾಡಿನವರಿಗೆ ಇಷ್ಟು ಹೇಳಿದ್ರೆ ಸಾಕು. ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ಅಪ್ಪನ ಮಹೀಂದ್ರ ಎಂಎಂ 540 ನಿಂತಿತ್ತು, 1992ರ ಗಾಡಿ. ಅಪ್ಪನ ಕಣ್ಣಿನ ತೊಂದರೆ ಶುರುವಾದ ಮೇಲೆ ಓಡಿಸೋರಿಲ್ಲ. 2017ರ ನವೆಂಬರಿನಲ್ಲಿ ಆರ್‌ಸಿ ಅವಧಿ ಮುಗೀತು, ನವೀಕರಿಸೋಕೆ ಯಾರೂ ಹೋಗಲಿಲ್ಲ. ಅದರ ಮೇಲೆ ಗೋಣಿಚೀಲ, ಮುರಿದ ಏಣಿ, ಮೆಣಸಿನ ಹಂಬಿನ ಹಗ್ಗ ಎಲ್ಲಾ ಬಿತ್ತು. ಗುಜರಿಯವನು 55 ಸಾವಿರ ಕೊಡ್ತೀನಿ ಅಂದಿದ್ದ. ಕೊಟ್ಟು ಕಳಿಸಿ ಅಂತ ಹೇಳ್ತಿದ್ದವಳು ಅಮ್ಮನೇ.

ಈ ಜುಲೈನಲ್ಲಿ ಒಂದು ರಾತ್ರಿ ಅಮ್ಮನಿಗೆ ಎದೆನೋವು ಬಂತು. ನನ್ನ ಕಾರು ಹಳ್ಳವನ್ನೇನೋ ದಾಟಿತು, ಏರು ಹತ್ತಲಿಲ್ಲ. ಚಕ್ರ ಸುಮ್ಮನೆ ಕೆಸರು ಎರಚ್ತಾ ಇತ್ತು. ಕೊನೆಗೆ ಲೈನಿನ ನಾಲ್ಕು ಜನ ಬಂದು ಅವಳನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ಕೊಂಡು ರಸ್ತೆಗೆ ತಂದ್ರು. ಮೇಲೊಬ್ಬರು ಕೊಡೆ ಹಿಡಿದಿದ್ರು. ಅಮ್ಮ ಈಗ ಚೆನ್ನಾಗಿದ್ದಾಳೆ. ಆಸ್ಪತ್ರೆಯಿಂದ ವಾಪಸ್ ಬಂದ ಮೂರನೇ ದಿನ, ಕಾಫಿ ಕುಡೀತಾ, ‘ಆ ಜೀಪ್ ಮಾರಬೇಡ, ರಿಪೇರಿ ಮಾಡಿಸು’ ಅಂದ್ಲು. ಫೋರ್ ವೀಲ್ ಡ್ರೈವ್ ಇರೋ ಹೊಸ ಗಾಡಿ ತಗೊಳ್ಳೋಣ ಅಂದ್ರೆ ಹತ್ತು ಲಕ್ಷ ದಾಟುತ್ತೆ. ನಮ್ಮ ಹತ್ತಿರ ಅಷ್ಟಿರಲಿಲ್ಲ.

ಈ ಗಾಡಿ ಬಗ್ಗೆ ಒಂದೆರಡು ಮಾತು. 1947ರಲ್ಲಿ ಮಹೀಂದ್ರದವರು ಮುಂಬೈಯಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸೋಕೆ ಶುರು ಮಾಡಿದ್ರು. ನಮ್ಮ 540 ಅದೇ ವಂಶದ್ದು, ಆದರೆ ಇಂಜಿನ್ ಪೆಟ್ರೋಲಿನದಲ್ಲ, ಫ್ರಾನ್ಸಿನ ಪೆಜೋ ವಿನ್ಯಾಸದ 2,112 ಸಿಸಿ ಡೀಸೆಲ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಹಾಗಾಗಿಯೇ ಇದಕ್ಕೆ ಜೀವ ಬರಿಸೋಕೆ ಆಗೋದು.

ನಾನು ಮೊದಲು ಮಾಡಿದ್ದೇ ತಪ್ಪು. ಕಾರಿನ ಬ್ಯಾಟರಿ ತಂದು ಕಟ್ಟಿ ಕೀ ತಿರುಗಿಸಿಬಿಟ್ಟೆ. ‘ಟಕ್’ ಅಂತು, ಅಷ್ಟೇ. ಸೆಲ್ಫ್ ಹಿಡಿದುಕೊಂಡಿತ್ತು. ಅದು ನನ್ನ ಪುಣ್ಯ. ಸಂಜೆ ಬಂದ ಮೆಕ್ಯಾನಿಕ್ ಕಾಕಾಗೆ ಇದನ್ನ ಹೇಳಿದೆ. ಅವರು ಅಪ್ಪನ ಕಾಲದಿಂದ ಈ ಗಾಡಿ ನೋಡಿದವರು. ‘ಎಂಟು ವರ್ಷ ಮಲಗಿದವನನ್ನ ಕಪಾಳಕ್ಕೆ ಹೊಡೆದು ಎಬ್ಬಿಸ್ತೀಯಾ ಮಗಾ?’ ಅಂದ್ರು.

ಯಾಕೆ ಅಂದ್ರೆ, ಇಷ್ಟು ವರ್ಷ ನಿಂತ ಇಂಜಿನ್ನಿನಲ್ಲಿ ಸಿಲಿಂಡರ್ ಗೋಡೆ ಮೇಲಿನ ಎಣ್ಣೆಯೆಲ್ಲಾ ಇಳಿದುಹೋಗಿರುತ್ತೆ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಪಿಸ್ಟನ್ ರಿಂಗು ತುಕ್ಕಿನಲ್ಲಿ ಅಂಟಿಕೊಂಡಿರಬಹುದು. ಜೋರಾಗಿ ತಿರುಗಿಸಿದ್ರೆ ರಿಂಗ್ ಮುರಿಯುತ್ತೆ, ಗೋಡೆ ಗೀರುತ್ತೆ. ಕಾಕಾ ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಇಂಜಿನ್ ಆಯಿಲ್ ಜೊತೆ ಸ್ವಲ್ಪ ಡೀಸೆಲ್ ಸೇರಿಸಿ ಬಿಟ್ಟು, ಹಾಗೇ ಬಿಟ್ಟುಹೋದ್ರು. ಮೂರನೇ ದಿನ ಬಂದು ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನ ಹಾಕಿ ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿದ್ರು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಒಂದು ಇಂಚು ಸರೀತು. ಪೂರ್ತಿ ಸುತ್ತು ಬಂದಾಗ ತೂತುಗಳಿಂದ ‘ಪುಸ್’ ಅಂತ ಗಾಳಿ ಬಂತು. ಅಪ್ಪ ಜಗಲಿಯಿಂದಲೇ ‘ಬಂತಾ?’ ಅಂತ ಕೇಳಿದ್ರು.

ಏರ್ ಫಿಲ್ಟರಿನಲ್ಲಿ ಇಲಿ ಸಂಸಾರವೇ ಇತ್ತು. ಗೋಣಿನಾರು, ಕಾಫಿ ಸಿಪ್ಪೆ, ಹೀಟರ್ ಪ್ಲಗ್ಗಿನ ವೈರು, ಎಲ್ಲಾ ಸೇರಿಸಿ ಗೂಡು. ಟ್ಯಾಂಕ್ ಇಳಿಸಿದ್ರೆ ತಳದಲ್ಲಿ ಕಪ್ಪು ಲೋಳೆ. ಟ್ಯಾಂಕಿನ ಒಳಗೆ ತೇವಾಂಶ ನೀರಾಗಿ ತಳಕ್ಕಿಳಿಯುತ್ತೆ. ಆ ನೀರು ಮತ್ತು ಡೀಸೆಲ್ ಸೇರೋ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವಂತೆ. ಇದು ನನಗೆ ಹೊಸ ವಿಷಯ. ಟ್ಯಾಂಕ್ ತೊಳೆದು ಒಣಗಿಸಿ, ಪೈಪು, ಫಿಲ್ಟರ್ ಹೊಸದು ಹಾಕಿ, ಹ್ಯಾಂಡ್ ಪಂಪ್ ಒತ್ತಿ ಒತ್ತಿ ಗುಳ್ಳೆ ನಿಲ್ಲೋವರೆಗೂ ಏರ್ ತೆಗೆದ್ವಿ.

ಸ್ಟಾರ್ಟ್ ಮಾಡೋ ದಿನ ಕಾಕಾ ನನ್ನ ಕೈಗೆ ಒಂದು ಹಲಗೆ ಕೊಟ್ಟರು. ಅಂಗೈ ಎರಡರಷ್ಟು ಅಗಲ, ಒಂದು ಕಡೆ ಟ್ಯೂಬ್ ರಬ್ಬರ್ ಅಂಟಿಸಿತ್ತು. ‘ನಾನು ಮುಚ್ಚು ಅಂದ್ರೆ ಗಾಳಿ ಒಳಗೆ ಹೋಗೋ ಬಾಯಿಗೆ ಇದನ್ನ ಒತ್ತಿ ಹಿಡಿ. ಕೈ ಮಾತ್ರ ಇಡಬೇಡ.’ ಪೆಟ್ರೋಲ್ ಇಂಜಿನ್ನಿಗೆ ಕಿಡಿ ನಿಲ್ಲಿಸಿದ್ರೆ ಇಂಜಿನ್ ನಿಂತ ಹಾಗೆ. ಡೀಸೆಲ್ ಉರಿಯೋಕೆ ಕಿಡಿ ಬೇಡ, ಒತ್ತಿದ ಗಾಳಿಯ ಬಿಸಿಯೇ ಸಾಕು. ವರ್ಷಗಟ್ಟಲೆ ನಿಂತ ಡೀಸೆಲ್ ಪಂಪಿನ ಒಳಗಿನ ಭಾಗ ಅಂಟು ಹಿಡಿದು ‘ಫುಲ್’ನಲ್ಲೇ ಸಿಕ್ಕಿಕೊಂಡಿದ್ರೆ, ಇಂಜಿನ್ ತಾನಾಗಿ ವೇಗ ಏರಿಸ್ಕೊಂಡು ಹೋಗಿ ಒಡೆದೇ ಹೋಗಬಹುದು. ಆಗ ಉಳಿಯೋ ದಾರಿ ಗಾಳಿ ಕಟ್ಟೋದು.

ಹೀಟರ್ ಹಾಕಿ ಅರ್ಧ ನಿಮಿಷ ಕಾದು ಸೆಲ್ಫ್ ಹೊಡೆದ್ರು. ಬಿಳಿ ಹೊಗೆ. ಮತ್ತೆ ಹೊಡೆದ್ರು. ಹೊತ್ತಿಕೊಂಡಿತು. ನಾನು ‘ಹೋ’ ಅಂತ ಕೂಗಿದೆ. ಕೂಗು ಮುಗಿಯೋದರೊಳಗೆ ಶಬ್ದ ಏರೋಕೆ ಶುರುವಾಯ್ತು. ಆಕ್ಸಲರೇಟರ್ ಮೇಲೆ ಯಾರ ಕಾಲೂ ಇಲ್ಲ. ಕಾಕಾ ಸ್ಟಾಪ್ ಕೇಬಲ್ ಎಳೆದ್ರು, ನಿಲ್ಲಲಿಲ್ಲ. ‘ಮುಚ್ಚೋ!’ ಅಂತ ಕಿರುಚಿದ್ರು. ಸತ್ಯ ಹೇಳ್ತೀನಿ, ನನ್ನ ಕಾಲು ಮರಗಟ್ಟಿ ಹೋಗಿತ್ತು. ಶೆಡ್ಡಿನ ತಗಡು ಅದುರ್ತಾ ಇತ್ತು. ಒಂದೋ ಎರಡೋ ಸೆಕೆಂಡ್ ಇರಬಹುದು. ಆಮೇಲೆ ಹಲಗೆ ಒತ್ತಿದೆ. ಅದು ನನ್ನ ಕೈಯನ್ನೇ ಒಳಗೆ ಎಳೆದ ಹಾಗಾಯ್ತು, ಇಂಜಿನ್ ಕೆಮ್ಮಿ ನಿಂತಿತು. ಕಾಕಾ ಬೀಡಿ ಹಚ್ಚೋಕೆ ನಾಲ್ಕು ಕಡ್ಡಿ ಬೇಕಾಯ್ತು.

ಪಂಪ್ ಬಿಚ್ಚಿ ಚಿಕ್ಕಮಗಳೂರಿಗೆ ಕಳಿಸಿದ್ವಿ, 14 ಸಾವಿರ ಆಯ್ತು. ಎರಡನೇ ಸಲ ಸ್ಟಾರ್ಟ್ ಆದಾಗಲೂ ನಾನು ಹಲಗೆ ಹಿಡಿದೇ ನಿಂತಿದ್ದೆ. ಈ ಸಲ ಅದು ಬಡಬಡ ಅಂತ ನಿಧಾನಕ್ಕೆ ಓಡ್ತು. ಕಣ್ಣು ಮಂಜಾದ ಅಪ್ಪ ಕಿವಿ ಕೊಟ್ಟು ಕೇಳಿ, ‘ಟ್ಯಾಪೆಟ್ ಲೂಸ್ ಇದೆ’ ಅಂದ್ರು. ಇತ್ತು ಕೂಡ.

ಜನ ಇಂಜಿನ್ ಓಡಿದ ಕೂಡಲೇ ಗಾಡಿ ಹೊರಡಿಸಿಬಿಡ್ತಾರೆ, ಅದು ಬೇಡ. ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುತ್ತೆ. ನಮ್ಮ ಗಾಡಿಯ ನಾಲ್ಕೂ ವೀಲ್ ಸಿಲಿಂಡರ್ ಒಳಗಿಂದ ತುಕ್ಕು ಹಿಡಿದಿದ್ದವು. ಎಲ್ಲಾ ಬದಲಾಯಿಸಿದ್ವಿ. ಕ್ಲಚ್ ಪ್ಲೇಟ್ ಅಂಟಿತ್ತು, ಅದನ್ನ ಬಿಡಿಸೋಕೆ ಒಂದು ದಿನ. ಟೈರು ನೋಡೋಕೆ ಚೆನ್ನಾಗಿದ್ದವು. ಆದರೆ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 1811 ಅಂತಿತ್ತು. 2011ರ ಟೈರಿನಲ್ಲಿ ಅಮ್ಮನನ್ನ ಕೂರಿಸಿ ಇಳಿಜಾರಿಗೆ ಹೋಗೋ ಧೈರ್ಯ ನನಗಿಲ್ಲ.

ಒಟ್ಟು ಖರ್ಚು 98 ಸಾವಿರ. ಇದರ ಮೇಲೆ ಕಾಗದಪತ್ರ. 20 ವರ್ಷ ದಾಟಿದ ಇಂಥ ಗಾಡಿಯ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10 ಸಾವಿರ. ತಡವಾದ ಪ್ರತಿ ತಿಂಗಳಿಗೆ ನಿಯಮದಲ್ಲಿ 500. 96 ತಿಂಗಳು, ಅಂದ್ರೆ 48 ಸಾವಿರ. ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ಬಿ.ಕಾಂ. ಪ್ರಕಾರ ಇದು ದಡ್ಡತನದ ಲೆಕ್ಕ. ಗುಜರಿಗೆ ಹಾಕಿದ್ರೆ 55 ಸಾವಿರ ಬರ್ತಿತ್ತು ಅನ್ನೋದನ್ನೂ ಸೇರಿಸಿ ನೋಡಿದೀನಿ. ಲೆಡ್ಜರಿನ ಇನ್ನೊಂದು ಪುಟದಲ್ಲಿ ಆ ಪ್ಲಾಸ್ಟಿಕ್ ಕುರ್ಚಿ ಇದೆ, ಅದಕ್ಕೆ ಎಷ್ಟು ಬರೀಬೇಕೋ ಗೊತ್ತಾಗಲಿಲ್ಲ. ನಿಂತ ಗಾಡಿ ಇಟ್ಕೊಂಡಿರೋರು ಮಾತ್ರ ಆರ್‌ಸಿ ತಾರೀಕು ಇವತ್ತೇ ನೋಡಿ.

ಹೋದ ಭಾನುವಾರ ಅಮ್ಮನನ್ನ ಮುಂದೆ ಕೂರಿಸ್ಕೊಂಡು ಹೊರಟೆ. ಹಳ್ಳದ ಈಚೆ ನಿಲ್ಲಿಸಿ, ಮುಂದಿನ ಹಬ್ ಎರಡೂ ಲಾಕ್ ಮಾಡಿ, ಫೋರ್ ವೀಲ್ ಲಿವರ್ ಹಾಕಿ, ಲೋ ಗೇರಿನಲ್ಲಿ ಏರು ಹತ್ತಿಸಿದೆ. ಒಂದು ಸಲವೂ ಜಾರಲಿಲ್ಲ. ಟಾರು ರಸ್ತೆ ಕಾಣೋ ಗೇಟಿನ ಹತ್ತಿರ ನಿಲ್ಲಿಸಿದೆ. ಆರ್‌ಸಿ ಬರೋವರೆಗೂ ಅಲ್ಲಿಂದಾಚೆ ಹೋಗೋ ಹಾಗಿಲ್ಲ. ಅಮ್ಮ ಸ್ವಲ್ಪ ಹೊತ್ತು ರಸ್ತೆ ನೋಡಿ, ‘ಸೀಟು ಮಾತ್ರ ಗಟ್ಟಿ ಮಾರಾಯ, ಒಂದು ದಿಂಬು ಹೊಲಿಸಬೇಕು’ ಅಂದ್ಲು. ವಾಪಸ್ ತಿರುಗಿಸಿದೆ. ಹಲಗೆ ಇನ್ನೂ ಸೀಟಿನ ಕೆಳಗೇ ಇದೆ.