ಪಂಕ್ತಿಯಿಂದ ಎದ್ದುಹೋದ ಪೇತ್ರ
(ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ಪ್ರಬೋಧನೆ, ಜೂನ್ 29)



ಧರ್ಮಸಭೆಯ ಎರಡು ಆಧಾರಸ್ತಂಭಗಳಾದ ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವವನ್ನು ನಾವಿಂದು ಸಡಗರದಿಂದ ಆಚರಿಸುತ್ತಿದ್ದೇವೆ. ಇವರಿಬ್ಬರ ಸ್ವರೂಪಗಳು ಅಕ್ಕಪಕ್ಕದಲ್ಲಿ ನಿಂತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಬ್ಬರ ಕೈಯಲ್ಲಿ ಬೀಗದಕೈ, ಇನ್ನೊಬ್ಬರ ಕೈಯಲ್ಲಿ ಖಡ್ಗ. ಪೂರ್ವ ದೇಶಗಳ ಧರ್ಮಸಭೆಗಳ ಚಿತ್ರಪಟಗಳಲ್ಲಂತೂ ಇವರಿಬ್ಬರು ಒಬ್ಬರನ್ನೊಬ್ಬರು ಅಪ್ಪಿಕೊಂಡಿರುತ್ತಾರೆ. ಆದರೆ ಇದೇ ಇಬ್ಬರು ಮಹಾನುಭಾವರು ಒಮ್ಮೆ ಎಲ್ಲರ ಎದುರಿಗೆ ಮುಖಾಮುಖಿಯಾಗಿ ನಿಂತು ವಾದ ಮಾಡಿದ್ದುಂಟು. ಸಂತ ಪೌಲರೇ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ (ಗಲಾತ್ಯರಿಗೆ 2:11-14). ಆ ಜಗಳ ಅಧಿಕಾರಕ್ಕಾಗಿ ಹುಟ್ಟಿದ್ದಲ್ಲ, ಹಣಕ್ಕಾಗಿ ಹುಟ್ಟಿದ್ದೂ ಅಲ್ಲ. ಊಟದ ಪಂಕ್ತಿಯಲ್ಲಿ ಹುಟ್ಟಿದ ಜಗಳ ಅದು.

ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಾವು ಮೊದಲು ಯೆಹೂದ್ಯರ ಅಡುಗೆಮನೆಯ ಒಳಗೆ ಹೋಗಿ ಬರಬೇಕು. ಪ್ರಭು ಯೇಸು, ಮಾತೆ ಮರಿಯಮ್ಮನವರು, ಪೇತ್ರ, ಪೌಲ ಎಲ್ಲರೂ ಉಂಡು ಬೆಳೆದದ್ದು ಅಂಥ ಮನೆಯಲ್ಲೇ ಅಲ್ಲವೇ?

ಯೆಹೂದ್ಯರು ಉಣ್ಣಲು ಯೋಗ್ಯವಾದ ಆಹಾರವನ್ನು 'ಕೋಶರ್' ಎನ್ನುತ್ತಾರೆ. ಹೀಬ್ರೂ ಭಾಷೆಯಲ್ಲಿ ಅದರ ಅರ್ಥ 'ತಕ್ಕದ್ದು' ಎಂದು. ಯಾಜಕಕಾಂಡದ 11ನೇ ಅಧ್ಯಾಯ ಮತ್ತು ಧರ್ಮೋಪದೇಶಕಾಂಡದ 14ನೇ ಅಧ್ಯಾಯದಲ್ಲಿ ಇದರ ಪಟ್ಟಿಯಿದೆ. ಗೊರಸು ಸೀಳಿರಬೇಕು, ಮೆಲುಕನ್ನೂ ಹಾಕಬೇಕು. ಅಂಥ ಪ್ರಾಣಿಯ ಮಾಂಸವನ್ನು ಮಾತ್ರ ತಿನ್ನಬಹುದು. ಕುರಿ, ಆಡು, ದನ ಆಗುತ್ತದೆ. ಹಂದಿಗೆ ಗೊರಸು ಸೀಳಿದ್ದರೂ ಅದು ಮೆಲುಕು ಹಾಕುವುದಿಲ್ಲ, ಆದ್ದರಿಂದ ಆಗದು. ನೀರಿನಲ್ಲಿರುವುದಕ್ಕೆ ರೆಕ್ಕೆ, ಪೊರೆ ಎರಡೂ ಇರಬೇಕು. ಹಾಗಾಗಿ ಸಿಗಡಿ, ಏಡಿಗಳು ಆ ಮನೆಯ ಹೊಸ್ತಿಲು ದಾಟುವುದಿಲ್ಲ. ರಕ್ತವಂತೂ ಸರ್ವಥಾ ನಿಷಿದ್ಧ, ಏಕೆಂದರೆ ರಕ್ತದಲ್ಲಿ ಜೀವವಿದೆ, ಜೀವ ದೇವರಿಗೆ ಸೇರಿದ್ದು. ತರಬೇತಿ ಪಡೆದವನೊಬ್ಬ ಸ್ವಲ್ಪವೂ ಮುಕ್ಕಿಲ್ಲದ ಹರಿತವಾದ ಚೂರಿಯಿಂದ ಪ್ರಾಣಿಯನ್ನು ಕೊಯ್ಯಬೇಕು. ಆಮೇಲೆ ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಹಾಕಿಟ್ಟು, ಮೂರು ಸಲ ತೊಳೆದ ನಂತರವೇ ಅದು ಪಾತ್ರೆಗೆ ಇಳಿಯುವುದು. ಮೊಟ್ಟೆ ಒಡೆದಾಗ ಒಳಗೆ ರಕ್ತದ ಚುಕ್ಕೆ ಇದೆಯೇ ಎಂದು ನೋಡುತ್ತಾರೆ. ಸೊಪ್ಪಿನ ಎಲೆಯೆಲೆಯನ್ನೂ ಬೆಳಕಿಗೆ ಹಿಡಿದು ಹುಳು ಹುಡುಕುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದದ್ದು ಹಾಲು ಮತ್ತು ಮಾಂಸದ ನಿಯಮ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲೇ ಬೇಯಿಸಬಾರದು ಎಂದು ಧರ್ಮಶಾಸ್ತ್ರ ಮೂರು ಬಾರಿ ಆಜ್ಞಾಪಿಸುತ್ತದೆ (ವಿಮೋಚನಾಕಾಂಡ 23:19, 34:26, ಧರ್ಮೋಪದೇಶಕಾಂಡ 14:21). ಮೂರು ಬಾರಿ ಹೇಳಿರುವುದರಿಂದ ಮೂರು ನಿಷೇಧಗಳಿವೆ ಎಂದು ಯೆಹೂದ್ಯ ಗುರುಗಳು ಬೋಧಿಸಿದರು: ಹಾಲು ಮಾಂಸವನ್ನು ಕೂಡಿಸಿ ಬೇಯಿಸಬಾರದು, ಹಾಗೆ ಬೇಯಿಸಿದ್ದನ್ನು ತಿನ್ನಬಾರದು, ಅದರಿಂದ ಯಾವ ಲಾಭವನ್ನೂ ಪಡೆಯಬಾರದು. ಆದ್ದರಿಂದ ನಿಷ್ಠಾವಂತ ಯೆಹೂದ್ಯ ಮನೆಯಲ್ಲಿ ಇಂದಿಗೂ ಹಾಲಿಗೊಂದು, ಮಾಂಸಕ್ಕೊಂದು ಎಂದು ಪಾತ್ರೆ, ತಟ್ಟೆ, ಚಮಚಗಳೆಲ್ಲ ಎರಡೆರಡು. ಅನುಕೂಲವಿದ್ದವರು ತೊಳೆಯುವ ತೊಟ್ಟಿಯನ್ನೂ ಎರಡು ಇಟ್ಟುಕೊಳ್ಳುತ್ತಾರೆ. ಮಾಂಸ ಉಂಡ ಮೇಲೆ ಹಾಲು ಕುಡಿಯಲು ಅನೇಕರು ಆರು ಗಂಟೆ ಕಾಯುತ್ತಾರೆ. ಜರ್ಮನಿಯ ಮೂಲದವರು ಮೂರು ಗಂಟೆ, ಹಾಲೆಂಡಿನ ಮೂಲದವರು ಒಂದು ಗಂಟೆ ಕಾಯುವ ರೂಢಿಯುಂಟು. ಕೋಳಿಗೆ ಹಾಲೇ ಇಲ್ಲದಿದ್ದರೂ ಜನ ತಪ್ಪಿ ನಡೆಯದಿರಲೆಂದು ಕೋಳಿಮಾಂಸವನ್ನೂ ಇದೇ ನಿಯಮಕ್ಕೆ ಸೇರಿಸಿದರು. ಇದನ್ನು ಅವರು ಧರ್ಮಶಾಸ್ತ್ರದ ಸುತ್ತ ಹಾಕಿದ ಬೇಲಿ ಎನ್ನುತ್ತಾರೆ. ಮೀನು, ಮೊಟ್ಟೆ, ಕಾಳು, ತರಕಾರಿಗಳು ಎರಡಕ್ಕೂ ಸೇರದ ಮಧ್ಯಸ್ಥ ಆಹಾರ.

ಮನೆಯಲ್ಲೇ ಮಾಡಿದ ಅಡುಗೆಯಾದರೆ ಕಣ್ಣಾರೆ ನೋಡಿಕೊಳ್ಳಬಹುದು. ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣದೊಳಗೆ ಏನಿದೆಯೆಂದು ಯಾರು ಬಲ್ಲರು? ಕೊಬ್ಬು ಯಾವ ಪ್ರಾಣಿಯದು? ಚೀಸ್ ಮಾಡಲು ಹಾಲು ಒಡೆಸಿದ್ದು ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥದಿಂದಲೋ, ಬೇರೆಯದರಿಂದಲೋ? ಅದಕ್ಕಾಗಿ ಪರಿಶೀಲನಾ ಸಂಸ್ಥೆಗಳು ಹುಟ್ಟಿದವು. ಅಮೆರಿಕದ ಆರ್ಥೊಡಾಕ್ಸ್ ಯೂನಿಯನ್ ಎಂಬ ಸಂಸ್ಥೆ 1920ರ ದಶಕದಿಂದ ಈ ಕೆಲಸ ಮಾಡುತ್ತಿದೆ. ವೃತ್ತದೊಳಗೆ 'ಯು' ಅಕ್ಷರ ಅದರ ಮುದ್ರೆ. ಪಕ್ಕದಲ್ಲಿ 'ಡಿ' ಇದ್ದರೆ ಹಾಲಿನ ಅಂಶವಿದೆ ಎಂದರ್ಥ. ಪರಿಶೀಲಕರು ಕಾರ್ಖಾನೆಗೆ ಹೋಗಿ ಸಾಮಗ್ರಿಯನ್ನೂ ಯಂತ್ರಗಳನ್ನೂ ನೋಡಿದ ಮೇಲೆಯೇ ಮುದ್ರೆ ಬೀಳುತ್ತದೆ. ಗೋಡಂಬಿ, ಸಾಂಬಾರ ಪದಾರ್ಥಗಳನ್ನು ರಫ್ತು ಮಾಡುವ ನಮ್ಮ ದೇಶದ ಕೆಲವು ಕಂಪನಿಗಳೂ ಇಂಥ ಪ್ರಮಾಣಪತ್ರ ಪಡೆದಿವೆ. ನಮ್ಮ ಅಂಗಡಿಯ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯನ್ನು ನೆನೆದರೆ ಈ ಮುದ್ರೆಯ ಬೆಲೆ ನಮಗೆ ತಿಳಿಯುತ್ತದೆ. ಅಷ್ಟೇಕೆ, ನಮ್ಮ ಬಲಿಪೀಠಕ್ಕೆ ಬರುವ ರೊಟ್ಟಿ ಅಪ್ಪಟ ಗೋಧಿಯದ್ದಾಗಿರಬೇಕು, ದ್ರಾಕ್ಷಾರಸ ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನೇ (924) ವಿಧಿಸುತ್ತದೆ.

ಇದೆಲ್ಲ ಏಕೆ? ಆರೋಗ್ಯಕ್ಕಾಗಿ ಎಂದು ಕೆಲವರು ಹೇಳುವುದುಂಟು. ಆದರೆ ಪವಿತ್ರಗ್ರಂಥ ಕೊಡುವ ಕಾರಣ ಬೇರೆ. ದೇವರು ಪವಿತ್ರರು, ಆದ್ದರಿಂದ ಅವರ ಜನರೂ ಪವಿತ್ರರಾಗಿರಬೇಕು (ಯಾಜಕಕಾಂಡ 11:44-45). ಯೇಸುಸ್ವಾಮಿಯ ಕಾಲದವನೇ ಆದ ಅಲೆಕ್ಸಾಂಡ್ರಿಯದ ಫಿಲೋ ಎಂಬ ಯೆಹೂದ್ಯ ಪಂಡಿತ ಹಾಲಿನ ನಿಯಮದಲ್ಲಿ ಕರುಣೆಯನ್ನು ಕಂಡ. ಮರಿಯ ಜೀವ ಪೊರೆಯಲೆಂದು ದೇವರು ಕೊಟ್ಟ ಹಾಲನ್ನು ಅದರ ಸಾವಿನ ಒಗ್ಗರಣೆ ಮಾಡುವುದು ಕ್ರೌರ್ಯವೆಂದು ಅವನ ವಿವರಣೆ. ಹೊಟ್ಟೆ ಹಸಿದಾಗಲೂ ದೇವರನ್ನು ಮರೆಯದ ಅಡುಗೆಮನೆ ಅದು. ನಗುವುದಕ್ಕೆ ಅಲ್ಲೇನೂ ಇಲ್ಲ.

ಈ ನಿಯಮಕ್ಕಾಗಿ ಪ್ರಾಣ ತೆತ್ತವರಿದ್ದಾರೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅಂತಿಯೋಕ ಎಂಬ ರಾಜ ಯೆಹೂದ್ಯರಿಗೆ ಬಲವಂತವಾಗಿ ಹಂದಿಮಾಂಸ ತಿನ್ನಿಸಲು ಹೊರಟ. ತೊಂಬತ್ತು ವರ್ಷದ ಮುದುಕ ಎಲ್ಲಾಜಾರನ ಬಾಯಿಗೆ ಅದನ್ನು ತುರುಕಿದರು. ಅವನು ಉಗುಳಿಬಿಟ್ಟ. ಹಳೆಯ ಪರಿಚಯದವರು ಅವನನ್ನು ಪಕ್ಕಕ್ಕೆ ಕರೆದು, ನಿನಗೆ ಸಲ್ಲುವ ಮಾಂಸವನ್ನೇ ತರಿಸಿಕೋ, ರಾಜನ ಮಾಂಸ ತಿಂದಂತೆ ನಟಿಸು, ಜೀವ ಉಳಿಯುತ್ತದೆ ಎಂದರು. ಈ ವಯಸ್ಸಿನಲ್ಲಿ ನಟಿಸಿದರೆ ನನ್ನನ್ನು ನೋಡಿ ಯುವಕರು ದಾರಿ ತಪ್ಪುತ್ತಾರೆ ಎಂದು ಆತ ಸಾವನ್ನೇ ಆರಿಸಿಕೊಂಡ (2 ಮಕ್ಕಬಿಯ 6:18-31). ಮುಂದಿನ ಅಧ್ಯಾಯದಲ್ಲಿ ಒಬ್ಬ ತಾಯಿ ಮತ್ತು ಆಕೆಯ ಏಳು ಮಕ್ಕಳು ಇದೇ ಕಾರಣಕ್ಕೆ ಸತ್ತರು.

ಪ್ರಿಯರೇ, ಈಗ ಪೇತ್ರರನ್ನು ನೋಡೋಣ. ಜೊಪ್ಪದಲ್ಲಿ ಚರ್ಮ ಹದಮಾಡುವ ಸಿಮೋನನ ಮನೆಯ ಮಾಳಿಗೆಯ ಮೇಲೆ, ಹಸಿದ ಹೊಟ್ಟೆಯಲ್ಲಿ ಅವರು ಪ್ರಾರ್ಥಿಸುತ್ತಿದ್ದಾಗ, ಸಕಲ ವಿಧದ ಪ್ರಾಣಿಗಳಿದ್ದ ದುಪ್ಪಟಿಯೊಂದು ಆಕಾಶದಿಂದ ಇಳಿದುಬಂತು. ಕೊಂದು ತಿನ್ನು ಎಂದು ವಾಣಿ ಕೇಳಿಸಿತು. ಪೇತ್ರರು ಒಲ್ಲೆನೆಂದರು. ಅದು ಹಟಮಾರಿತನವಾಗಿರಲಿಲ್ಲ, ಎಲ್ಲಾಜಾರನ ರಕ್ತ, ಆ ತಾಯಿಯ ಕಣ್ಣೀರು ಅವರ ನಾಲಿಗೆಯನ್ನು ತಡೆದಿದ್ದವು. ಮೂರು ಬಾರಿ ಹೀಗಾಯಿತು. ಅಷ್ಟರಲ್ಲಿ ಸೆಜರೇಯದ ರೋಮನ್ ಶತಾಧಿಪತಿ ಕೊರ್ನೇಲಿಯ ಕಳುಹಿಸಿದ ಜನ ಬಾಗಿಲಿಗೆ ಬಂದರು. ದರ್ಶನದ ಅರ್ಥ ಆಗ ಹೊಳೆಯಿತು. ಯಾವ ಮನುಷ್ಯನನ್ನೂ ಹೊಲೆಯೆಂದು, ಅಶುದ್ಧನೆಂದು ಎಣಿಸಬಾರದೆಂದು ದೇವರು ತೋರಿಸಿಕೊಟ್ಟರು ಎಂದು ಪೇತ್ರರೇ ಸಾರಿದರು (ಪ್ರೇಷಿತರ ಕಾರ್ಯಕಲಾಪಗಳು 10:28). ದುಪ್ಪಟಿಯಲ್ಲಿ ಕಂಡದ್ದು ಪ್ರಾಣಿಗಳು. ಬಾಗಿಲಲ್ಲಿ ನಿಂತದ್ದು ಮನುಷ್ಯರು.

ಇಷ್ಟು ಕಲಿತ ಪೇತ್ರರು ಅಂತಿಯೋಕ್ಯಕ್ಕೆ ಬಂದಾಗ ಅನ್ಯಜನರಿಂದ ಬಂದ ಭಕ್ತರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಜೆರುಸಲೇಮಿನಿಂದ ಯಕೋಬರ ಕಡೆಯವರು ಬಂದರು. ಅವರಿಗೆ ಹೆದರಿ ಪೇತ್ರರು ಪಂಕ್ತಿಯಿಂದ ಹಿಂದೆ ಸರಿದರು. ಅವರನ್ನು ನೋಡಿ ಉಳಿದ ಯೆಹೂದ್ಯ ಭಕ್ತರೂ, ಕೊನೆಗೆ ಬಾರ್ನಬರೂ ಎದ್ದರು. ಪೌಲರು ಎಲ್ಲರ ಮುಂದೆ ಖಂಡಿಸಿದ್ದು ಇದನ್ನೇ. ಗ್ರೀಕ್ ಮೂಲದಲ್ಲಿ ಪೇತ್ರರ ಈ ನಡತೆಗೆ ಪೌಲರು ಬಳಸುವ ಪದ 'ನಟನೆ', 'ಕಪಟ' ಎಂಬ ಅರ್ಥದ್ದು. ಎಲ್ಲಾಜಾರ ಸತ್ತರೂ ಒಲ್ಲೆನೆಂದದ್ದಕ್ಕೆ ಮಕ್ಕಬಿಯರ ಗ್ರಂಥ ಬಳಸುವುದೂ ಅದೇ ಪದವನ್ನೇ! ನಿಯಮ ಪಾಲಿಸಿದ ಮುದುಕ ದೇವರಿಗೆ ಅಂಜಿ ನಟನೆಯನ್ನು ತೊರೆದ. ಅದೇ ನಿಯಮದ ನೆರಳಿನಲ್ಲಿ ಪೇತ್ರರು ಜನರಿಗೆ ಅಂಜಿ ನಟಿಸಿದರು. ಹಾಗಾದರೆ ಪೌಲರು ದೂರಿದ್ದು ಯೆಹೂದ್ಯರ ಅಡುಗೆಮನೆಯನ್ನಲ್ಲ, ಸಹೋದರರನ್ನು ಬಿಟ್ಟು ಎದ್ದುಹೋದ ಅಂಜಿಕೆಯನ್ನು. ಬೆಳೆ ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು.

ಜೆರುಸಲೇಮಿನ ಸಭೆಯ ತೀರ್ಮಾನವನ್ನೂ ಗಮನಿಸಿ (ಪ್ರೇಷಿತರ ಕಾರ್ಯಕಲಾಪಗಳು 15). ಅನ್ಯಜನರಿಗೆ ಸುನ್ನತಿಯ ಹೊರೆ ಬೇಡ, ಆದರೆ ರಕ್ತವನ್ನೂ ಕುತ್ತಿಗೆ ಹಿಸುಕಿ ಕೊಂದದ್ದನ್ನೂ ತಿನ್ನದಿರಲಿ ಎಂದರು. ಯೆಹೂದ್ಯ ಸಹೋದರ ಪಕ್ಕದಲ್ಲಿ ಕುಳಿತು ಉಣ್ಣಬೇಕಲ್ಲ! ಇಬ್ಬರೂ ಒಂದೊಂದು ಹೆಜ್ಜೆ ಸರಿದು ಮಧ್ಯದಲ್ಲಿ ಎಲೆ ಹಾಕಿದರು.

ಈ ವಚನಗಳನ್ನು ಓದುವಾಗಲೆಲ್ಲ ನಮಗೆ ನಮ್ಮದೇ ಒಂದು ಹಬ್ಬದ ದಿನ ನೆನಪಾಗುತ್ತದೆ. ನಾವು ಕಿರಿಯ ಗುರುಗಳಾಗಿ ಸೇವೆ ಸಲ್ಲಿಸುತ್ತಿದ್ದ ಒಂದು ಹಳ್ಳಿಯಲ್ಲಿ ಆ ವರ್ಷ ಹಬ್ಬದ ಅಡುಗೆಯ ಸರದಿ ಕೆಳಗಿನ ಕೇರಿಯವರದು. ಬಲಿಪೂಜೆ ಮುಗಿಯುತ್ತಲೇ ಮೇಲಿನ ಕೇರಿಯ ಕೆಲವು ಹಿರಿಯರು ಬಂದು, "ಸ್ವಾಮ್ಯೋರೆ, ನಿಮ್ಗೆ ನಮ್ಮನೇಲಿ ಎಲೆ ಹಾಕಿದೀವಿ" ಎಂದರು. ಏಕೆಂದು ನಮಗೆ ತಿಳಿದಿತ್ತು. ಊರಿನ ಸಮಾಧಾನ ಕೆಡಬಾರದು, ದೇವಾಲಯದ ಚಾವಣಿಯ ಕೆಲಸ ಅರ್ಧಕ್ಕೆ ನಿಂತಿದೆ ಎಂದು ಮನಸ್ಸಿಗೆ ಹೇಳಿಕೊಂಡು ಅವರ ಹಿಂದೆ ಹೋದೆವು. ಚೆನ್ನಾಗಿಯೇ ಉಂಡೆವು. ಸಂಜೆ ಅಡುಗೆ ಮಾಡಿದ ಅಜ್ಜಿಯೊಬ್ಬರು ಪಾತ್ರೆ ತೊಳೆಯುತ್ತಾ ತಲೆಯೆತ್ತದೆ ಕೇಳಿದರು: "ಬೆಳಿಗ್ಗೆ ಎಲ್ರೂ ನಿಮ್ ಕೈಯಿಂದ ಒಂದೇ ಪ್ರಸಾದ ತಕ್ಕೊಂಡ್ವಿ ಸ್ವಾಮ್ಯೋರೆ. ಮಧ್ಯಾಹ್ನ ನಮ್ ಕೈಸಾರಿಗೆ ಏನಾಗಿತ್ತು?"

ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ಪಂಕ್ತಿಯಿಂದ ಎದ್ದುಹೋದವರು ನಾವೇ.

ಮರುವರ್ಷ ನಾವು ಮೊದಲ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತೆವು. ಮೇಲಿನ ಕೇರಿಯಿಂದ ಬಂದದ್ದು ಎರಡೇ ಮನೆಯವರು. ಚಾವಣಿಯ ಕೆಲಸ ಇನ್ನೂ ಒಂದು ವರ್ಷ ತಡವಾಯಿತು. ಆದರೆ ಆ ಅಜ್ಜಿ ನಮ್ಮ ಎಲೆಗೆ ಬಡಿಸಿದ ಸಾರು ನಮಗೆ ಇಂದಿಗೂ ಪ್ರಬೋಧನೆಯಾಗಿ ಉಳಿದಿದೆ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಪಂಕ್ತಿಭೇದಕ್ಕೆ ಪವಿತ್ರಗ್ರಂಥದಲ್ಲಿ ಆಸರೆ ಹುಡುಕಬೇಡಿ. ಹಾಲು ಯಾವುದು, ಮಾಂಸ ಯಾವುದು ಎಂದು ವಿಂಗಡಿಸುವ ಯೆಹೂದ್ಯ ಗೃಹಿಣಿ ಯಾವ ಕುಲದ, ಯಾವ ದೇಶದ ಅತಿಥಿಯನ್ನಾದರೂ ತನ್ನ ಮೇಜಿಗೆ ಕರೆಯಬಲ್ಲಳು. ನಾವಾದರೋ ಪಾತ್ರೆಯೊಳಗೆ ಏನಿದೆಯೆಂದು ಕೇಳುವುದಿಲ್ಲ, ಸೌಟು ಹಿಡಿದವರು ಯಾರೆಂದು ಕೇಳುತ್ತೇವೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಯೆಹೂದ್ಯರನ್ನು ಗೌರವಿಸಲು ನಮಗೆ ಕಲಿಸಿತು. ಜಗದ್ಗುರು ಎರಡನೇ ಜಾನ್ ಪಾಲರು 1986ರಲ್ಲಿ ರೋಮಿನ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಹೋಗಿ ಅವರನ್ನು ಹಿರಿಯ ಸಹೋದರರೆಂದು ಕರೆದರು. ಆ ಹಿರಿಯರಿಂದ ನಾವು ಕಲಿಯುವುದಿದೆ: ತಿನ್ನುವ ಮೊದಲು ದೇವರನ್ನು ನೆನೆಯುವುದು, ಬಾಯಿಗೆ ಕಟ್ಟುಪಾಡು ಹಾಕಿಕೊಳ್ಳುವುದು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡಲು ಗೊಣಗುವ ನಾವು ವರ್ಷವಿಡೀ ಎರಡು ಜೊತೆ ಪಾತ್ರೆ ಇಟ್ಟು ಬಾಳುವ ಮನೆಯನ್ನು ನೆನೆಯೋಣ.

ಸಂತ ಪೇತ್ರರು ಪೌಲರ ಮಾತಿಗೆ ಮುನಿದು ಧರ್ಮಸಭೆಯನ್ನು ಒಡೆಯಲಿಲ್ಲ. ಇಬ್ಬರೂ ರೋಮ್ ನಗರದಲ್ಲಿ ಒಬ್ಬರೇ ಪ್ರಭುವಿಗಾಗಿ ರಕ್ತ ಸುರಿಸಿದರು. ತಪ್ಪು ತೋರಿಸುವ ಧೈರ್ಯ ಪೌಲರದು, ತಿದ್ದಿಕೊಳ್ಳುವ ದೊಡ್ಡತನ ಪೇತ್ರರದು. ಧರ್ಮಸಭೆಗೆ ಎರಡೂ ಬೇಕು.

ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವೆಲ್ಲರೂ ಇದೇ ಬಲಿಪೀಠದಿಂದ ಪರಮಪ್ರಸಾದವನ್ನು ಸ್ವೀಕರಿಸಲಿದ್ದೇವೆ. ಹೊರಗೆ ಚಪ್ಪರದಡಿಯಲ್ಲಿ ಹಬ್ಬದ ಅಡುಗೆ ಬೇಯುತ್ತಿದೆ. ಈ ಪಂಕ್ತಿಯಿಂದ ಆ ಪಂಕ್ತಿಗೆ ಇರುವುದು ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆಯನ್ನು ಅಂಜದೆ ಇಡುವ ಕೃಪೆಯನ್ನು ಸಂತ ಪೇತ್ರ ಮತ್ತು ಸಂತ ಪೌಲರ ಬಿನ್ನಹದ ಮೂಲಕ ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.